ಕಡಲಪಾಚಿಯ ಹೆಸರು

ಜಪಾನೀ ಹೋಟೆಲೊಂದರಲ್ಲಿ, ಮೇಜಿನ ಮೇಲೆಯೇ ಒಲೆಯಿಟ್ಟು ಬೇಯಿಸಿ ಉಣ್ಣುವ ಪಾತ್ರೆಯೊಳಗೆ, ಒಣ ಕಡಲಪಾಚಿಯ ತುಂಡೊಂದು ತನ್ನ ರುಚಿಯನ್ನೆಲ್ಲ ನೀರಿಗೆ ಬಿಟ್ಟುಕೊಟ್ಟಿತು. ಕುದಿ ಬರುವ ಮೊದಲು ಪಾಚಿಯನ್ನು ಎತ್ತಿ ಹೊರಗೆ ಹಾಕುವುದು ಅಲ್ಲಿನ ಪದ್ಧತಿ.

“ಯಾರಾದರೂ ಮೆಚ್ಚಿದರೆ ಒಮ್ಮೆ ನನ್ನ ಹೆಸರು ಹೇಳುತ್ತೀಯಾ?” ಎಂದು ಅದು ಕೇಳಿತು.

“ಹೇಳದೆ ಇರುತ್ತೇನೆಯೇ, ಅಕ್ಕಾ?” ಎಂದಿತು ನೀರು.

ಪಾಚಿ ಎಂಜಲು ತಟ್ಟೆಗೆ ಬಿತ್ತು. ಅಲ್ಲಿಂದಲೇ ಕಿವಿಗೊಟ್ಟು ಕಾಯಿತು.

ಪಾತ್ರೆಗಿಳಿದ ಅಣಬೆ, “ಏನು ರುಚಿ ಮಾರಾಯ ನಿನಗೆ” ಎಂದಿತು.

“ನಾನು ಹುಟ್ಟಿದ್ದೇ ಹೀಗೆ” ಎಂದಿತು ನೀರು.

ಊಟ ಸಾಗಿದಂತೆ ಸಾರು ಇಂಗಿತು. ಸರ್ವರ್ ಬಂದು ಎರಡು ಜಗ್ಗು ಬರಿನೀರು ಸುರಿದ.

“ಈಗೇಕೆ ಇಷ್ಟು ಸಪ್ಪೆಯಾದೆ?” ಎಂದು ಅಣಬೆ ಕೇಳಿತು.

ಆಗ ನೀರು ಮೊದಲ ಸಲ ಆ ಹೆಸರೆತ್ತಿತು: “ಮೊದಲು ನನ್ನೊಳಗೊಂದು ಕಡಲಪಾಚಿ ಬಿದ್ದಿತ್ತು. ಅದೇ ನನ್ನನ್ನು ಕೆಡಿಸಿಹೋಯಿತು.”