ಅಗ್ಗಿಷ್ಟಿಕೆಗೆ ಹಾಕಿದ ವಜ್ರ

"ಗುರುಗಳೇ, ನನ್ನ ಭಕ್ತಿ ಬರೀ ಬೂಟಾಟಿಕೆಯೆಂದು ಜೊತೆಯವನೊಬ್ಬ ನಕ್ಕ. ಅನ್ನ ನೀರು ಬಿಟ್ಟು ಕೂತು, ಅದು ನಿಜವೆಂದು ತೋರಿಸಿಬಿಡಲೇ?" ಎಂದು ಶಿಷ್ಯ ಕೇಳಿದ.

"ತೋರಿಸುವೆಯಂತೆ. ಮೊದಲು ಕತೆ ಕೇಳು, ಉಪವಾಸ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕ ಮಗಳ ಮದುವೆಗೆ ವಜ್ರದ ಮೂಗುಬೊಟ್ಟು ಮಾಡಿಸಿದ. ನಿಶ್ಚಿತಾರ್ಥದ ದಿನ ಅದನ್ನು ತಟ್ಟೆಯಲ್ಲಿಟ್ಟು ಬೀಗರ ಮುಂದೆ ಹಿಡಿದ. ಬೀಗರ ಕಡೆಯ ಮುದುಕನೊಬ್ಬ ಕಣ್ಣು ಕಿರಿದು ಮಾಡಿ, "ಗಾಜಿನ ಹಾಗಿದೆ" ಎಂದ. ಬೀಗರು ಮುಖ ಮುಖ ನೋಡಿಕೊಂಡರು. ಗಾಜು ಕೊಟ್ಟು ವಜ್ರವೆನ್ನುವ ಮನೆಯ ಹೆಣ್ಣು ತಮಗೆ ಬೇಡವೆಂದರು. ಹುಡುಗಿಗೆ ವರ ಮನಸ್ಸಿಗೆ ಬಂದಿದ್ದ. ಅವಳ ಕಣ್ಣು ತುಂಬಿತು.

ವರ್ತಕನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಗಾಜಾದರೆ ಬೆಂಕಿಗೆ ಕರಗುತ್ತದೆ, ವಜ್ರವಾದರೆ ನಗುತ್ತ ಹೊರಗೆ ಬರುತ್ತದೆ. ನಡೆಯಿರಿ!" ಎಂದು ಎಲ್ಲರನ್ನೂ ಅಕ್ಕಸಾಲಿಗನ ಮನೆಗೆ ಎಳೆದುಕೊಂಡು ಹೋದ.

ಅಕ್ಕಸಾಲಿಗ ಹೌಹಾರಿದ. "ಬೇಡಿ ಯಜಮಾನರೇ. ಬೆಸುಗೆ ಹಾಕುವಾಗ ನಾವೇ ಕಲ್ಲು ಕಳಚಿಡುತ್ತೇವೆ. ಈ ಇದ್ದಿಲು, ಕಣ್ಣಿನ ಕಾಡಿಗೆ, ನಿಮ್ಮ ವಜ್ರ, ಮೂರೂ ಒಂದೇ ತಾಯಿಯ ಮಕ್ಕಳು. ಜೋರು ಉರಿಗೆ ಸಿಕ್ಕಿದರೆ ಯಾವುದೂ ಉಳಿಯುವುದಿಲ್ಲ."

"ನನ್ನ ವಜ್ರಕ್ಕೂ ನಿನ್ನ ಇದ್ದಿಲಿಗೂ ನಂಟೇ?" ಎಂದು ವರ್ತಕ ಕಲ್ಲನ್ನು ಮೂಗುಬೊಟ್ಟಿನಿಂದ ಕಿತ್ತು ಕೆಂಡಕ್ಕೆ ಹಾಕಿದ. ತಾನೇ ಕೂತು ತಿದಿ ಒತ್ತಿದ. ಕಲ್ಲು ಕೆಂಪಾಯಿತು, ಬೆಳ್ಳಗಾಯಿತು, ಸಣ್ಣದಾಯಿತು. ಆಮೇಲೆ ಇಲ್ಲವೇ ಇಲ್ಲ. ಬೂದಿ ಕೆದಕಿದರು, ಜಾಲಿಸಿದರು. ಏನೂ ಸಿಗಲಿಲ್ಲ.

ಅದೇ ಮುದುಕ ಎಲ್ಲರಿಗಿಂತ ಮೊದಲು ತಲೆದೂಗಿದ. "ಗಾಜಾಗಿದ್ದರೆ ಕರಗಿ ಗುಂಡಾಗಿ ಕೂತಿರುತ್ತಿತ್ತು. ಅಪ್ಪಟ ವಜ್ರವೇ ಸರಿ!" ಬೀಗರು ವರ್ತಕನನ್ನು ಅಪ್ಪಿಕೊಂಡರು. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹುಡುಗಿ ಮಾತ್ರ ನಕ್ಕಳು. ಮೂಗಿನ ತೂತು ಮುಚ್ಚಿಹೋಗದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡು, ಕಣ್ಣಿಗೆ ಕಾಡಿಗೆ ತೀಡಿಕೊಂಡು ಹಸೆಮಣೆ ಏರಿದಳು. ಚೆನ್ನಾಗಿಯೇ ಬಾಳಿದಳು.

ಶಿಷ್ಯ ಬಿದ್ದುಬಿದ್ದು ನಕ್ಕ. "ಏನೇ ಆಗಲಿ ಗುರುಗಳೇ, ಕೊನೆಗೆ ವರ್ತಕನ ಮಾತೇ ಗೆದ್ದಿತಲ್ಲ!"

"ಗೆದ್ದಿತು ಮಗು; ವಜ್ರ ಅಪ್ಪಟವೆಂದು ಎಲ್ಲರೂ ಒಪ್ಪುವ ಹೊತ್ತಿಗೆ ವಜ್ರ ಇರಲಿಲ್ಲ."