ಹೊಸ್ತಿಲಿನ ಕುಳಿ

“ನಮ್ಮ ಗುಡಿಯ ಕೋಟೆಗಿದ್ದ ನಾಲ್ಕು ಹೆಬ್ಬಾಗಿಲುಗಳನ್ನೂ ಹಾಳು ಮಾಡಿದ್ದಾರೆ. ಯಾವ ದಂಡು ಬಂದು ಕೆಡವಿತು, ಗುರುಗಳೇ?” ಎಂದು ಹುಚ್ಚೀರನೆಂಬ ಶಿಷ್ಯ ಕೇಳಿದ. ಕೆಡವಿದವರ ಹೆಸರು ತಿಳಿದರೆ ಶಪಿಸಬೇಕೆಂದು ಉಳಿದ ಶಿಷ್ಯರೂ ಕಾದಿದ್ದರು.

ಗುರುಗಳು ಹೇಳಿದರು:

ಯಾವ ದಂಡೂ ಬರಲಿಲ್ಲ. ಒಂದೊಂದು ಬಾಗಿಲಿನ ಕಂಬದಲ್ಲೂ ಒಂದು ಕಬ್ಬಿಣದ ಬಳೆ ಇತ್ತು. ಅನ್ಯಾಯವಾದವರು ಓಡಿ ಬಂದು ಆ ಬಳೆ ಹಿಡಿದರೆ, ಊರಿನ ಹತ್ತು ಜನ ಕೂಡಿ ದೂರು ಕೇಳುವ ತನಕ ಅರಸನ ಆಳೂ ಅವರನ್ನು ಮುಟ್ಟುವಂತಿರಲಿಲ್ಲ. ಗುಡಿಯ ಪಾರುಪತ್ಯಗಾರನಿಗೆ ಇದು ಬೇಡವಾಗಿತ್ತು. ಹೆಚ್ಚಿನ ದೂರುಗಳು ಅವನ ಮೇಲೆಯೇ ಇದ್ದವು. ಮೂಡಣ ಬಾಗಿಲು ಸಡಿಲವಾಗಿದೆ, ಯಾರ ತಲೆಯ ಮೇಲಾದರೂ ಬಿದ್ದೀತು ಎಂದು ಹೇಳಿ ಅದನ್ನು ಬಿಚ್ಚಿಸಿದ. ದೇವರ ಕಲ್ಲು, ಬೇಕಾದವರು ಒಯ್ಯಿರಿ ಎಂದು ಸಾರಿಸಿದ. ಜನ ಗಾಡಿ ಕಟ್ಟಿಕೊಂಡು ಬಂದರು. ಇನ್ನೂ ಮೂರು ಬಾಗಿಲು ಇವೆಯಲ್ಲ ಎಂದರು. ಮರುವರ್ಷ ಇನ್ನೊಂದನ್ನು ಬಿಚ್ಚಿಸಿದಾಗ, ಎರಡಿವೆಯಲ್ಲ ಎಂದರು. ನಾಲ್ಕನೆಯದು ಬಿದ್ದಾಗ ಜಗಳವಾಡಿದ್ದು ಕಲ್ಲಿಗಾಗಿ, ಬಾಗಿಲಿಗಾಗಿ ಅಲ್ಲ. ಪಾರುಪತ್ಯಗಾರ ನಾಲ್ಕು ಕಡೆಯೂ ಗೋಡೆ ಎತ್ತಿಸಿ, ತನ್ನ ಮನೆಯ ಪಕ್ಕದಲ್ಲಿ ಒಂದು ಕಿರುಬಾಗಿಲು ಬಿಟ್ಟ. ಅದಕ್ಕೆ ಬಳೆ ಇರಲಿಲ್ಲ.

ಬಳೆ ನೆಟ್ಟಿದ್ದ ನಾಲ್ಕು ಕಲ್ಲುಗಳಲ್ಲಿ ಒಂದು ಒಬ್ಬ ರೈತನ ಪಾಲಿಗೆ ಬಂತು. ಅವನು ಅದನ್ನು ಮನೆಯ ಹೊಸ್ತಿಲಿಗೆ ಹಾಕಿದ. ಬಳೆ ಕಿತ್ತ ಕಡೆ ಕುಳಿ ಉಳಿದಿತ್ತು. ಅವನ ಹೆಂಡತಿ ದಿನವೂ ಆ ಕುಳಿಯಲ್ಲಿ ಎಣ್ಣೆ ಹುಯ್ದು ದೀಪ ಹಚ್ಚಿದಳು.

ಕೆಲವು ವರ್ಷಗಳ ಮೇಲೆ ಪಾರುಪತ್ಯಗಾರ ಒಬ್ಬ ನೇಕಾರಗಿತ್ತಿಯ ಮಗ್ಗ ಕಸಿದುಕೊಂಡ. ದೂರು ಹೇಳುತ್ತೇನೆ ಎಂದದ್ದಕ್ಕೆ ಅವಳನ್ನೂ ಹಿಡಿಯಲು ಆಳುಗಳನ್ನು ಕಳಿಸಿದ. ಬಾಗಿಲುಗಳಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಳೆಯ ಕಲ್ಲೊಂದು ಎಲ್ಲಿದೆ ಎಂಬುದೂ ಗೊತ್ತಿತ್ತು. ಓಡಿ ಹೋಗಿ ರೈತನ ಹೊಸ್ತಿಲ ಮೇಲೆ ಕೂತು, ಕುಳಿಯೊಳಗೆ ಬೆರಳು ಊರಿದಳು.

ರೈತ ಹೊರಗೆ ಬಂದ. “ಏಳು ತಾಯಿ, ಹೊಸ್ತಿಲ ಮೇಲೆ ಕೂತರೆ ಮನೆಗೆ ದರಿದ್ರ. ನೀರು ಬೇಕಾದರೆ ಜಗಲಿಯಲ್ಲಿ ಕೂತು ಕುಡಿ.”

“ನಿನ್ನ ನೀರು ಯಾರಿಗೆ ಬೇಕು, ಅಣ್ಣ? ನಾನು ಕೂತಿರುವುದು ಊರಿನ ಬಾಗಿಲಲ್ಲಿ. ಹತ್ತು ಜನರನ್ನು ಕರೆ.”

ರೈತ ಕರೆಯಲಿಲ್ಲ. ಅವನು ಕೆಟ್ಟವನಲ್ಲ. ಆದರೆ ಕರೆದರೆ ಕಲ್ಲಿನ ಮಾತು ಬರುತ್ತಿತ್ತು, ಮತ್ತು ಆ ಹತ್ತು ಜನರ ಮನೆಯಲ್ಲೂ ಕೆಡವಿದ ಬಾಗಿಲುಗಳ ಕಲ್ಲಿತ್ತು. ಆಳುಗಳು ಬಂದು ಅವಳನ್ನು ಎಳೆದುಕೊಂಡು ಹೋದರು. ಅವಳು ತಿರುಗಿ ಬರಲಿಲ್ಲ. ರೈತನ ಹೆಂಡತಿ ಹೊಸ್ತಿಲು ತೊಳೆದು, ಅರಿಸಿನ ಕುಂಕುಮ ಹಚ್ಚಿದಳು.

“ಆ ರೈತನ ವಂಶ ಹಾಳಾಗಲಿ” ಎಂದ ಹುಚ್ಚೀರ.

“ನಿನ್ನ ತಾಯಿ ಸಂಜೆ ದೀಪ ಇಡುವುದು ಎಲ್ಲಿ?” ಎಂದು ಗುರುಗಳು ಕೇಳಿದರು.

“ಹೊಸ್ತಿಲಿನ ಕುಳಿಯಲ್ಲಿ” ಎಂದ ಹುಚ್ಚೀರ. ಉಳಿದವರು ತಮ್ಮ ತಮ್ಮ ಮನೆಯ ಕಲ್ಲು ನೆನೆದು ತಲೆ ತಗ್ಗಿಸಿದರು.

“ಶಪಿಸಿದ್ದು ಸಾಕು,” ಎಂದರು ಗುರುಗಳು, “ಹಾರೆ ಹಿಡಿದು ಮನೆಗೆ ಹೋಗಿ, ಹೊತ್ತು ಮುಳುಗುವ ಮುಂಚೆ ಆ ಕಲ್ಲುಗಳನ್ನು ಕಿತ್ತು ಮೂಡಣ ಬಾಗಿಲಿದ್ದ ಜಾಗಕ್ಕೆ ತನ್ನಿ.”