ಬೂಷ್ಟಿನ ಹಂಬಲ

ಭಾಗೀರಥಮ್ಮನವರ ಹಳೆಯ ಹಲ್ಲುಸೆಟ್ಟಿನಲ್ಲಿ ಬೂಷ್ಟು ಒಂಬತ್ತು ವರ್ಷ ಸಂಸಾರ ಮಾಡಿತ್ತು. ಅವರ ಅಂಗುಳು ಹುಣ್ಣಾದಾಗ ಡಾಕ್ಟರು ಬೂಷ್ಟು ಹಿಡಿಯದ ಲೇಪವಿರುವ ಹೊಸ ಸೆಟ್ಟು ಕೊಟ್ಟು, ಮೆತ್ತನೆಯ ಬ್ರಷ್ಷಿನಲ್ಲೇ ತೊಳೆಯಲು ಹೇಳಿದರು. ಬೂಷ್ಟು, ರಾತ್ರಿ ಸೆಟ್ಟು ನೆನೆಸಿಡುವ ಲೋಟದ ಬಿರುಕಿನಲ್ಲಿ ಉಳಿಯಿತು. ಸೆಟ್ಟು ಬಾಯಿಗೆ ಹೊರಟಾಗಲೆಲ್ಲ ಅದರ ಜೀವ ಹಿಂದೆಯೇ ಓಡುತ್ತಿತ್ತು.

“ಒಂದು ಮೂಲೆ ಸಾಕಣ್ಣ,” ಎಂದು ಲೇಪವನ್ನು ಬೇಡಿತು.

“ಆಸೆ ಬಿಡು. ನಾನಿರುವವರೆಗೆ ಇಲ್ಲಿ ಯಾರೂ ಕೂರುವಂತಿಲ್ಲ. ಮೇಲಾಗಿ ಅಮ್ಮನಿಗೆ ಶುಚಿಯೆಂದರೆ ಪ್ರಾಣ.”

“ಗೊತ್ತು. ಅದಕ್ಕೇ ಆಸೆ ಬಿಟ್ಟಿಲ್ಲ.”

“ಬ್ರಷ್ಷು ಸವರಿದರೆ ತೊಳೆದ ಹಾಗಾಯಿತೇ?” ಎಂದ ಭಾಗೀರಥಮ್ಮ, ಪೂಜೆಯ ತಂಬಿಗೆಯಂತೆ ಸೆಟ್ಟನ್ನೂ ದಿನಾ ಹುಣಸೆಹಣ್ಣು, ಬೂದಿ ಹಾಕಿ ನಾರಿನಿಂದ ತಿಕ್ಕಿದರು. ತಿಂಗಳಲ್ಲಿ ಲೇಪವೆಲ್ಲ ಮೋರಿ ಸೇರಿತು.

“ಅಮ್ಮನ ರಟ್ಟೆ ನೂರು ಕಾಲ ಗಟ್ಟಿಯಾಗಿರಲಿ,” ಎಂದು ಹರಸಿ ಬೂಷ್ಟು ಗೃಹಪ್ರವೇಶ ಮಾಡಿತು.